ಸ್ಟ್ಯಾನ್ಲಿ ಕಪ್ ಗೆಲ್ಲದ ಬೋರ್ಯೆ ಸಾಲ್ಮಿಂಗ್ ಅವರಿಗೆ ಟೊರಾಂಟೊದಲ್ಲಿ ಪ್ರತಿಮೆ ಏಕೆ?

ಪ್ರಶ್ನೆ: ಟೊರಾಂಟೊದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಮೇಪಲ್ ಲೀಫ್ಸ್ ಐಸ್ ಹಾಕಿ ತಂಡದ ಕ್ರೀಡಾಂಗಣದ ಹೊರಗೆ ಹಳೆಯ ಆಟಗಾರರ ಕಂಚಿನ ಪ್ರತಿಮೆಗಳನ್ನು ನೋಡಿದೆ. ಅವುಗಳಲ್ಲಿ ಸ್ವೀಡನ್ನಿನ ಬೋರ್ಯೆ ಸಾಲ್ಮಿಂಗ್ ಅವರದೂ ಒಂದು. ಉತ್ತರ ಅಮೆರಿಕದ ಹಾಕಿ ಲೀಗಿನ ಚಾಂಪಿಯನ್ ತಂಡಕ್ಕೆ ಕೊಡುವ ಸ್ಟ್ಯಾನ್ಲಿ ಕಪ್ಪನ್ನು ಅವರು ಒಮ್ಮೆಯೂ ಗೆದ್ದಿಲ್ಲವೆಂದು ಅಳಿಯ ಹೇಳಿದ. ನಿಕ್ಲಾಸ್ ಲಿಡ್‌ಸ್ಟ್ರೋಮ್, ಪೀಟರ್ ಫೋರ್ಸ್‌ಬರ್ಗ್ ಮೊದಲಾದ ಸ್ವೀಡಿಷ್ ಆಟಗಾರರು ಕಪ್ ಗೆದ್ದಿರುವಾಗ, ಗೆಲ್ಲದ ಇವರನ್ನು ಎರಡು ದೇಶಗಳು ಇಷ್ಟು ಎತ್ತರದಲ್ಲಿ ಇಟ್ಟಿರುವುದೇಕೆ?

ಉತ್ತರ: ನಿಮ್ಮ ಅಳಿಯ ಹೇಳಿದ್ದು ನಿಜ. ಸಾಲ್ಮಿಂಗ್ ಅವರು ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್‌ನಲ್ಲಿ, ಅಂದರೆ ಎನ್‌ಎಚ್‌ಎಲ್‌ನಲ್ಲಿ, 17 ಋತುಗಳನ್ನು ಆಡಿದರೂ ಕಪ್ಪಿನ ಅಂತಿಮ ಸುತ್ತನ್ನು ಒಮ್ಮೆಯೂ ತಲುಪಲಿಲ್ಲ. ಆದರೆ ಕಪ್ ಎಂಬುದು ಇಡೀ ತಂಡದ ಗಳಿಕೆ. ಮೇಪಲ್ ಲೀಫ್ಸ್ ಅದನ್ನು ಕೊನೆಯ ಬಾರಿ ಗೆದ್ದದ್ದು 1967ರಲ್ಲಿ, ಸಾಲ್ಮಿಂಗ್ ಅಲ್ಲಿಗೆ ಬರುವುದಕ್ಕೂ ಆರು ವರ್ಷ ಮೊದಲು. ಅವರ ಹಿರಿಮೆಯನ್ನು ಅಳೆಯಬೇಕಾದದ್ದು ಬೇರೊಂದು ಕಡೆಯಿಂದ. ಯುರೋಪಿನಲ್ಲಿ ಆಟ ಕಲಿತವನು ಈ ಲೀಗಿನಲ್ಲಿ ಬಾಳುವುದಿಲ್ಲವೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಬಂದು, ಬಿದ್ದ ಏಟುಗಳನ್ನೆಲ್ಲ ತಿಂದು, ತಾವು ಕಲಿತ ಆಟವನ್ನು ಬಿಟ್ಟುಕೊಡದೆ, ಲೀಗಿನ ಅತ್ಯುತ್ತಮ ರಕ್ಷಣಾ ಆಟಗಾರರ ಸಾಲಿನಲ್ಲಿ ನಿಂತವರು ಅವರು. ಲಿಡ್‌ಸ್ಟ್ರೋಮ್ ಮತ್ತು ಫೋರ್ಸ್‌ಬರ್ಗ್ ಬಂದಾಗ ಅವರಿಗೆ ಇದನ್ನು ಮತ್ತೆ ಸಾಬೀತುಪಡಿಸುವ ಅಗತ್ಯವಿರಲಿಲ್ಲ. ಈ ಮಾತಿನ ತೂಕ ತಿಳಿಯಬೇಕಾದರೆ ಅಂದಿನ ಪರಿಸ್ಥಿತಿಯನ್ನು ಸ್ವಲ್ಪ ವಿವರವಾಗಿ ನೋಡಬೇಕಾಗುತ್ತದೆ.

ಎನ್‌ಎಚ್‌ಎಲ್‌ಗೆ ಬಂದ ಮೊದಲ ಸ್ವೀಡಿಷ್ ಆಟಗಾರ ಸಾಲ್ಮಿಂಗ್ ಅಲ್ಲ. 1965ರ ಜನವರಿಯಲ್ಲಿ ಉಲ್ಫ್ ಸ್ಟರ್ನರ್ ಎಂಬ ಪ್ರತಿಭಾವಂತ ನ್ಯೂಯಾರ್ಕ್ ರೇಂಜರ್ಸ್ ಪರವಾಗಿ ನಾಲ್ಕು ಪಂದ್ಯಗಳನ್ನಾಡಿ, ಅಲ್ಲಿ ನೆಲೆಯೂರಲಾಗದೆ ಊರಿಗೆ ಮರಳಿದ್ದರು. ಇದರಲ್ಲಿ ಅವರ ಕೌಶಲದ ಕೊರತೆಯನ್ನು ಹುಡುಕುವುದು ನ್ಯಾಯವಲ್ಲ. ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ ಅಂದು ಯುರೋಪಿನಲ್ಲಿ ಎದುರಾಳಿಯ ಭಾಗದಲ್ಲಿ ಮೈಗೆ ಮೈ ಗುದ್ದಿ ತಡೆಯುವುದಕ್ಕೆ ಅವಕಾಶವೇ ಇರಲಿಲ್ಲ. ಆ ನಿಯಮ ಸಡಿಲವಾದದ್ದು 1969ರಲ್ಲಿ. ಅಂಕಣದ ಅಳತೆಯಲ್ಲೂ ವ್ಯತ್ಯಾಸವಿತ್ತು. ಯುರೋಪಿನ ಹಿಮದಂಕಣ ಸುಮಾರು 30 ಮೀಟರ್ ಅಗಲವಿದ್ದರೆ ಉತ್ತರ ಅಮೆರಿಕದ್ದು ಸುಮಾರು 26 ಮೀಟರ್. ನಾಲ್ಕು ಮೀಟರ್ ಅಂದರೆ ಕೇಳುವುದಕ್ಕೆ ಅಲ್ಪವೆನಿಸಬಹುದು. ಆದರೆ ಗಂಟೆಗೆ 30–40 ಕಿಲೋಮೀಟರ್ ವೇಗದಲ್ಲಿ ಜಾರಿ ಬರುವ ಎದುರಾಳಿಯಿಂದ ಪಕ್ಕಕ್ಕೆ ಸರಿದುಕೊಳ್ಳಲು ಇರುವ ಜಾಗವೇ ಅದು. ಆ ಜಾಗ ಇಲ್ಲವಾದಾಗ ಆಟಗಾರ ಹಲಗೆಗೋಡಿನ ಬದಿಯಲ್ಲಿ ಸಿಕ್ಕಿಬೀಳುತ್ತಾನೆ, ಗುದ್ದನ್ನು ತಿನ್ನಲೇಬೇಕಾಗುತ್ತದೆ. ಗುದ್ದನ್ನು ತಿನ್ನುವುದೂ ಕೊಡುವುದೂ ಚಿಕ್ಕಂದಿನಿಂದ ರೂಢಿಯಾಗಬೇಕಾದ ವಿದ್ಯೆ. ಸ್ವೀಡನ್ನಿನ ಹುಡುಗರಿಗೆ ಅದರ ರೂಢಿ ಇರಲಿಲ್ಲ. ಕೆನಡಾದವರು ಇದನ್ನು ರೂಢಿಯ ಪ್ರಶ್ನೆಯೆಂದು ನೋಡದೆ ಧೈರ್ಯದ ಪ್ರಶ್ನೆಯೆಂದು ನೋಡಿದರು. ‘ಚಿಕನ್ ಸ್ವೀಡ್’, ಅಂದರೆ ಪುಕ್ಕಲು ಸ್ವೀಡಿಷ, ಎಂಬ ಹೀಯಾಳಿಕೆ ಆ ತಪ್ಪು ತಿಳಿವಳಿಕೆಯಿಂದಲೇ ಹುಟ್ಟಿತು.

ಸಾಲ್ಮಿಂಗ್ ಹುಟ್ಟಿದ್ದು 1951ರ ಏಪ್ರಿಲ್ 17ರಂದು, ಸ್ವೀಡನ್ನಿನ ಉತ್ತರದ ತುದಿಯ ಕಿರುನಾ ಪ್ರದೇಶದಲ್ಲಿ. ಆರ್ಕ್ಟಿಕ್ ವೃತ್ತಕ್ಕಿಂತಲೂ ಮೇಲಿರುವ ಕಿರುನಾ ಕಬ್ಬಿಣದ ಅದಿರಿನ ಗಣಿಯ ಸುತ್ತ ಬೆಳೆದ ಊರು. ನಡುಚಳಿಗಾಲದಲ್ಲಿ ಅಲ್ಲಿ ವಾರಗಟ್ಟಲೆ ಸೂರ್ಯ ಮೂಡುವುದಿಲ್ಲ. ಅವರ ತಂದೆ ಹಿಮಸಾರಂಗ ಸಾಕುವ ಸಾಮಿ ಎಂಬ ಮೂಲನಿವಾಸಿ ಸಮುದಾಯದವರು, ಗಣಿಯಲ್ಲಿ ದುಡಿಯುತ್ತಿದ್ದರು. ಬೋರ್ಯೆಗೆ ಐದು ವರ್ಷವಾಗಿದ್ದಾಗ ತಂದೆ ಗಣಿಯ ಅಪಘಾತದಲ್ಲಿ ತೀರಿಕೊಂಡರು. ಅಣ್ಣ ಸ್ಟಿಗ್ ಕೂಡ ಹಾಕಿ ಆಟಗಾರ. ಅಣ್ಣನ ಹಿಂದೆಯೇ ತಮ್ಮನೂ ಕಿರುನಾದಿಂದ ದಕ್ಷಿಣದ ಯೆವ್ಲೆ ನಗರದ ಬ್ರಿನೆಸ್ ತಂಡವನ್ನು ಸೇರಿದರು. ಆ ತಂಡದೊಂದಿಗೆ 1971 ಮತ್ತು 1972ರಲ್ಲಿ ಸ್ವೀಡನ್ನಿನ ಚಾಂಪಿಯನ್ ಪಟ್ಟ, ದೇಶದ ತಂಡದೊಂದಿಗೆ 1972ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು, 1973ರಲ್ಲಿ ಬೆಳ್ಳಿ ಅವರಿಗೆ ಸಂದವು. ಹೀಗೆ ಸ್ಟ್ಯಾನ್ಲಿ ಕಪ್ ಗೆಲ್ಲದವರೆಂದು ನೀವು ಕೇಳಿದ ಆಟಗಾರ 22 ವರ್ಷ ತುಂಬುವ ಹೊತ್ತಿಗೆ ತಮ್ಮ ದೇಶದಲ್ಲಿ ಗೆಲ್ಲಬೇಕಾದದ್ದನ್ನು ಗೆದ್ದಾಗಿತ್ತು.

ಅವರು ಟೊರಾಂಟೊ ಕಣ್ಣಿಗೆ ಬಿದ್ದ ಬಗೆ ಆಕಸ್ಮಿಕವಾದದ್ದು. 1972ರ ಕ್ರಿಸ್‌ಮಸ್ ಸಮಯದಲ್ಲಿ ಲೀಫ್ಸ್ ತಂಡದ ಪ್ರತಿಭಾನ್ವೇಷಕ ಜೆರ್ರಿ ಮೆಕ್‌ನಮಾರಾ ಒಬ್ಬ ಗೋಲ್‌ಕೀಪರನನ್ನು ನೋಡಲೆಂದು ಸ್ವೀಡನ್ನಿಗೆ ಬಂದಿದ್ದರು. ಆತ ಗಾಯಗೊಂಡಿದ್ದರಿಂದ, ಬಂದ ಪ್ರಯಾಣ ವ್ಯರ್ಥವಾಗಬಾರದೆಂದು ಕೆನಡಾದಿಂದ ಪ್ರವಾಸ ಬಂದಿದ್ದ ಬ್ಯಾರಿ ಫ್ಲೈಯರ್ಸ್ ತಂಡಕ್ಕೂ ಬ್ರಿನೆಸ್‌ಗೂ ನಡೆದ ಪಂದ್ಯವನ್ನು ನೋಡಲು ಹೋದರು. ಪ್ರವಾಸಿಗಳು ಒರಟಾಗಿ ಆಡಿದರು. ಇಂಗೆ ಹಮ್ಮರ್‌ಸ್ಟ್ರೋಮ್ ಎಂಬ ಚುರುಕು ಮುನ್ನಡೆ ಆಟಗಾರ ಗೋಲು ಹೊಡೆದು ಉತ್ತರಿಸಿದರು. ಸಾಲ್ಮಿಂಗ್ ಒರಟುತನಕ್ಕೆ ಎದುರು ನಿಂತರು, ಕೊನೆಗೆ ರೆಫರಿಯೊಂದಿಗೇ ಜಗಳಕ್ಕಿಳಿದು ಪಂದ್ಯದಿಂದ ಹೊರಹಾಕಿಸಿಕೊಂಡರು. ಶಿಸ್ತಿನ ದೃಷ್ಟಿಯಿಂದ ಇದು ಮೆಚ್ಚತಕ್ಕ ನಡತೆಯಲ್ಲ. ಆದರೆ ಸ್ವೀಡಿಷರು ಎದುರು ನಿಲ್ಲುವವರಲ್ಲವೆಂದು ಕೇಳಿಕೊಂಡು ಬಂದಿದ್ದ ಮೆಕ್‌ನಮಾರಾ ಅವರಿಗೆ ಬೇಕಾಗಿದ್ದ ಉತ್ತರ ಅದರಲ್ಲಿಯೇ ಇತ್ತು. ಅವರು ನೇರವಾಗಿ ಆಟಗಾರರ ಕೋಣೆಗೆ ಹೋಗಿ ಟೊರಾಂಟೊಗೆ ಬರುತ್ತೀರಾ ಎಂದು ಸಾಲ್ಮಿಂಗ್ ಅವರನ್ನು ಕೇಳಿದರು. ಮುಂದಿನ ವರ್ಷ ಸಾಲ್ಮಿಂಗ್ ಮತ್ತು ಹಮ್ಮರ್‌ಸ್ಟ್ರೋಮ್ ಇಬ್ಬರೂ ಒಟ್ಟಿಗೆ ಲೀಫ್ಸ್ ಸೇರಿದರು.

1973ರ ಅಕ್ಟೋಬರಿನಲ್ಲಿ ಆಡಿದ ಮೊದಲ ಪಂದ್ಯ ಟೊರಾಂಟೊದಲ್ಲಿ, ಬಫಲೊ ವಿರುದ್ಧ. ಅದು ಗೆಲುವಿನಲ್ಲಿ ಮುಗಿಯಿತು. ಎರಡನೆಯದು ಫಿಲಡೆಲ್ಫಿಯಾದಲ್ಲಿ. ಅಂದಿನ ಫಿಲಡೆಲ್ಫಿಯಾ ಫ್ಲೈಯರ್ಸ್ ತಂಡವನ್ನು ಪತ್ರಿಕೆಗಳು ‘ಬ್ರಾಡ್ ಸ್ಟ್ರೀಟ್ ಬುಲ್ಲೀಸ್’ ಎಂದು ಕರೆಯುತ್ತಿದ್ದವು. ಹೊಡೆದಾಟವನ್ನೇ ತಂತ್ರವನ್ನಾಗಿ ಮಾಡಿಕೊಂಡು ಎದುರಾಳಿಯನ್ನು ಮೊದಲು ಹೆದರಿಸುವುದು, ಆಮೇಲೆ ಗೆಲ್ಲುವುದು ಅವರ ರೀತಿ. ಆ ರೀತಿಯಲ್ಲಿಯೇ ಅವರು 1974 ಮತ್ತು 1975ರಲ್ಲಿ ಸ್ಟ್ಯಾನ್ಲಿ ಕಪ್ಪನ್ನೂ ಗೆದ್ದರು. ಇಬ್ಬರು ಸ್ವೀಡಿಷರು ಅಂಕಣಕ್ಕಿಳಿದಾಗ ಕೋಲಿನಿಂದ ಕಾಲಿಗೆ ಹೊಡೆಯುವುದು, ಬೆನ್ನಿಗೆ ಚುಚ್ಚುವುದು, ಪಕ್ (ಆಟದ ರಬ್ಬರ್ ಬಿಲ್ಲೆ) ಬಿಟ್ಟುಕೊಟ್ಟ ಮೇಲೂ ಬಂದು ಗುದ್ದುವುದು, ಎಲ್ಲವೂ ನಡೆಯಿತು. ಲೀಗಿನಲ್ಲಿಯೇ ಹೆಸರಾಂತ ಜಗಳಗಂಟ ಡೇವ್ ಶುಲ್ಟ್ಜ್ ಅವರನ್ನು ತಮ್ಮ ಎರಡನೆಯ ಪಂದ್ಯದಲ್ಲೇ ಎದುರಿಸಬೇಕಾಗಿ ಬಂದ ಸಾಲ್ಮಿಂಗ್ ಹಿಂದೆ ಸರಿಯಲಿಲ್ಲ. ಅದು ಒಂದು ರಾತ್ರಿಯ ಮಾತೂ ಆಗಿರಲಿಲ್ಲ. ಮುಂದಿನ ಎರಡು ಮೂರು ಋತುಗಳಲ್ಲಿ ಊರೂರಿನಲ್ಲಿ ಇದೇ ನಡೆಯಿತು.

ಇಲ್ಲಿ ಸಾಮಾನ್ಯವಾಗಿ ಹೇಳುವ ಕಥೆಯನ್ನು ಸ್ವಲ್ಪ ತಿದ್ದುವುದು ಅಗತ್ಯವೆಂದು ನನ್ನ ಅಭಿಪ್ರಾಯ. ಸಾಲ್ಮಿಂಗ್ ಹೊಡೆದಾಡಿ ಗೌರವ ಗಳಿಸಿದರೆಂದು ಹಲವರು ಬರೆಯುತ್ತಾರೆ. ಅವರು ಹೊಡೆದಾಡುವುದಕ್ಕೆ ಹಿಂಜರಿಯಲಿಲ್ಲವೆಂಬುದು ಸರಿ, ಆದರೆ ಅವರು ಹೊಡೆದಾಟದ ಆಟಗಾರನಾಗಿ ಬದಲಾಗಲೂ ಇಲ್ಲ. ಗುದ್ದು ತಿಂದು ಬಿದ್ದವರು ಎದ್ದು ಪಕ್ಕನ್ನು ಹುಡುಕಿಕೊಂಡು ಹೋದರು. ಮರುದಿನವೂ ಪಕ್ ಮೂಲೆಗೆ ಬಿದ್ದಾಗ ಅದನ್ನು ತರಲು ಮೊದಲು ಹೋದವರು ಅವರೇ. ಎದುರಾಳಿಗಳಿಗೆ ತಿಳಿಯಬೇಕಾಗಿದ್ದ ವಿಷಯ ಒಂದೇ ಆಗಿತ್ತು: ಇವನನ್ನು ಹೊಡೆದರೆ ನಮಗೆ ಎರಡು ನಿಮಿಷದ ಶಿಕ್ಷೆ ಸಿಗುತ್ತದೆಯೇ ಹೊರತು ಇವನ ಆಟ ಕೆಡುವುದಿಲ್ಲ. ಅದು ಮನದಟ್ಟಾದ ಮೇಲೆ ಹೊಡೆತಗಳು ತಾವಾಗಿಯೇ ಕಡಿಮೆಯಾದವು.

ಹಮ್ಮರ್‌ಸ್ಟ್ರೋಮ್ ಅವರಿಗೂ ಇಲ್ಲಿ ನ್ಯಾಯ ಸಲ್ಲಬೇಕು. ಲೀಫ್ಸ್ ಮಾಲೀಕ ಹೆರಾಲ್ಡ್ ಬ್ಯಾಲರ್ಡ್, ಹಮ್ಮರ್‌ಸ್ಟ್ರೋಮ್ ಅವರನ್ನು ಕುರಿತು, ಜೇಬಿನಲ್ಲಿ ಆರು ಮೊಟ್ಟೆಗಳನ್ನಿಟ್ಟು ಗುದ್ದಾಟ ನಡೆಯುವ ಮೂಲೆಗೆ ಕಳಿಸಿದರೂ ಒಂದೂ ಒಡೆಯದಂತೆ ಮರಳುತ್ತಾನೆಂದು ಬಹಿರಂಗವಾಗಿ ಹಂಗಿಸಿದರು. ತನ್ನದೇ ತಂಡದ, ಎನ್‌ಎಚ್‌ಎಲ್‌ನಲ್ಲಿ ಒಟ್ಟು ನೂರಕ್ಕೂ ಹೆಚ್ಚು ಗೋಲು ಹೊಡೆದ ಆಟಗಾರನ ಬಗ್ಗೆ ಮಾಲೀಕನಾದವನು ಆಡಬಾರದ ಮಾತು ಅದು. ಮಾಲೀಕನೇ ಹೀಗೆ ಯೋಚಿಸುತ್ತಿದ್ದ ತಂಡದಲ್ಲಿ ಇಬ್ಬರೂ ದಿನವೂ ಆಡಬೇಕಾಗಿತ್ತು ಎಂಬುದನ್ನು ನೆನೆದರೆ ಸಾಲ್ಮಿಂಗ್ ಹೊತ್ತ ಭಾರ ಇನ್ನಷ್ಟು ಸ್ಪಷ್ಟವಾಗುತ್ತದೆ. ಹಮ್ಮರ್‌ಸ್ಟ್ರೋಮ್ ಮುಂದೆ ಸ್ವೀಡನ್ನಿಗೆ ಮರಳಿ, ಫಿಲಡೆಲ್ಫಿಯಾ ತಂಡಕ್ಕೇ ಯುರೋಪಿನ ಪ್ರತಿಭಾನ್ವೇಷಕರಾದರು. ನೀವು ಹೆಸರಿಸಿದ ಫೋರ್ಸ್‌ಬರ್ಗ್ ಅವರನ್ನು 1991ರಲ್ಲಿ ಆ ತಂಡ ಆಯ್ಕೆ ಮಾಡಿಕೊಂಡದ್ದು ಇವರ ಶಿಫಾರಸಿನ ಮೇಲೆ. ಒಂದು ಕಾಲದಲ್ಲಿ ಸ್ವೀಡಿಷರನ್ನು ಬೆನ್ನಟ್ಟಿ ಹೊಡೆದ ತಂಡ ಸ್ವೀಡಿಷನೊಬ್ಬನ ಕಣ್ಣನ್ನೇ ನಂಬುವಂತಾಯಿತು.

ಇನ್ನು ಸಾಲ್ಮಿಂಗ್ ಅವರ ಆಟದ ಬಗೆ. ಅವರು ರಕ್ಷಣಾ ಆಟಗಾರ. ಮೊದಲ ಕೆಲಸ ಎದುರಾಳಿಯ ಹೊಡೆತ ಗೋಲಿನ ಕಡೆಗೆ ಹೋಗದಂತೆ ನೋಡಿಕೊಳ್ಳುವುದು. ಇದನ್ನು ಅವರು ಮಾಡುತ್ತಿದ್ದ ರೀತಿಯನ್ನು ಹಳೆಯ ದೃಶ್ಯಗಳಲ್ಲಿ ನೋಡಬಹುದು. ಎದುರಾಳಿ ಕೋಲನ್ನು ಹಿಂದಕ್ಕೆ ಎತ್ತಿದ ಕ್ಷಣವೇ ಇವರು ಮೊಣಕಾಲು ಮಡಚಿ ಪಕ್ಕಕ್ಕೆ ಜಾರಿ, ಇಡೀ ದೇಹವನ್ನು ಹಿಮದ ಮೇಲೆ ಅಡ್ಡ ಹಾಸುತ್ತಾರೆ. ಪಕ್ ತೊಡೆಗೋ ಪಕ್ಕೆಗೋ ಬಡಿದು ನಿಲ್ಲುತ್ತದೆ. ಪಕ್ ಅಂದರೆ ಸುಮಾರು 170 ಗ್ರಾಂ ತೂಕದ ಗಟ್ಟಿ ರಬ್ಬರಿನ ಬಿಲ್ಲೆ, ಬಲವಾದ ಹೊಡೆತದಲ್ಲಿ ಗಂಟೆಗೆ 150 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಬರುತ್ತದೆ. ಅರ್ಧ ಕ್ಷಣ ಬೇಗ ಬಿದ್ದರೆ ಹೊಡೆಯುವವನು ಇವರನ್ನು ಸುತ್ತಿಕೊಂಡು ಹೋಗುತ್ತಾನೆ, ಅರ್ಧ ಕ್ಷಣ ತಡವಾದರೆ ಪಕ್ ಮುಖಕ್ಕೆ ಬರುತ್ತದೆ. ಮೈಯನ್ನು ಹೀಗೆ ಒಡ್ಡುವ ಮನುಷ್ಯನನ್ನು ಪುಕ್ಕಲನೆಂದು ಕರೆಯುವ ಮಾತು ಟೊರಾಂಟೊ ಪ್ರೇಕ್ಷಕರ ಬಾಯಿಂದ ಬಹುಬೇಗ ಮಾಯವಾಯಿತು.

ಆದರೆ ನನ್ನ ಮಟ್ಟಿಗೆ ಅವರ ನಿಜವಾದ ಪ್ರತಿಭೆ ಇರುವುದು ತಡೆದ ನಂತರದ ಕ್ಷಣಗಳಲ್ಲಿ. ಅಂದಿನ ಬಹುಪಾಲು ರಕ್ಷಣಾ ಆಟಗಾರರು ಸಿಕ್ಕ ಪಕ್ಕನ್ನು ಹಲಗೆಗೋಡಿಗೆ ಬಡಿದು ಅಪಾಯದಿಂದ ಪಾರಾದರೆ ಸಾಕೆನ್ನುತ್ತಿದ್ದರು. ಸಾಲ್ಮಿಂಗ್ ಅದನ್ನು ಕೋಲಿನ ತುದಿಯಲ್ಲಿಟ್ಟುಕೊಂಡು ತಲೆಯೆತ್ತಿ ನೋಡಿ, ಉದ್ದನೆಯ ಹೆಜ್ಜೆಗಳಲ್ಲಿ ಜಾರುತ್ತ ತಾವೇ ನಡುಗೆರೆ ದಾಟುತ್ತಿದ್ದರು, ಇಲ್ಲವೇ ಓಡುತ್ತಿರುವ ಜೊತೆಗಾರನ ಕೋಲಿಗೆ ನೇರವಾಗಿ ದಾಟಿಸುತ್ತಿದ್ದರು. ಅಗಲವಾದ ಅಂಕಣದಲ್ಲಿ ಕಲಿತ ಜಾರುವಿಕೆ ಮತ್ತು ಪಾಸಿಂಗ್ ಇಕ್ಕಟ್ಟಿನ ಅಂಕಣದಲ್ಲಿಯೂ ಫಲ ಕೊಟ್ಟಿತು. ಅಂಕಿ ಅಂಶಗಳು ಇದನ್ನೇ ಹೇಳುತ್ತವೆ. ಐಸ್ ಹಾಕಿಯಲ್ಲಿ ಗೋಲಿಗೆ ಮುನ್ನ ಪಾಸ್ ಕೊಟ್ಟ ಕೊನೆಯ ಇಬ್ಬರಿಗೆ ಅಸಿಸ್ಟ್ ಎಂಬ ಎಣಿಕೆ ಸಲ್ಲುತ್ತದೆ. ಎನ್‌ಎಚ್‌ಎಲ್‌ನಲ್ಲಿ ಸಾಲ್ಮಿಂಗ್ ಆಡಿದ 1,148 ಪಂದ್ಯಗಳಲ್ಲಿ 150 ಗೋಲು ಮತ್ತು 637 ಅಸಿಸ್ಟ್ ಇವೆ. ಅದರಲ್ಲಿ 620 ಅಸಿಸ್ಟ್ ಲೀಫ್ಸ್ ಪರವಾಗಿಯೇ ಬಂದವು. ಒಂದು ಶತಮಾನ ದಾಟಿದ ಆ ತಂಡದ ಇತಿಹಾಸದಲ್ಲಿ ಯಾವುದೇ ಸ್ಥಾನದ ಆಟಗಾರ ಗಳಿಸಿದ ಅತಿ ಹೆಚ್ಚು ಅಸಿಸ್ಟ್ ಇದೇ. ಈ ದಾಖಲೆ ಒಬ್ಬ ರಕ್ಷಣಾ ಆಟಗಾರನ ಹೆಸರಿನಲ್ಲಿರುವುದು ಗಮನಿಸತಕ್ಕ ಸಂಗತಿ.

1975ರಿಂದ 1980ರವರೆಗೆ ಸತತ ಆರು ವರ್ಷ ಅವರು ಲೀಗಿನ ಋತುವಿನ ಅತ್ಯುತ್ತಮ ಆಟಗಾರರ ಆಯ್ದ ತಂಡಗಳಲ್ಲಿ ಸ್ಥಾನ ಪಡೆದರು, ಅದರಲ್ಲಿ 1977ರಲ್ಲಿ ಪ್ರಥಮ ತಂಡದಲ್ಲಿ. ಅತ್ಯುತ್ತಮ ರಕ್ಷಣಾ ಆಟಗಾರನಿಗೆ ಕೊಡುವ ನಾರಿಸ್ ಟ್ರೋಫಿಯ ಮತದಾನದಲ್ಲಿ 1977 ಮತ್ತು 1980ರಲ್ಲಿ ಎರಡನೆಯವರಾದರು; ಎರಡು ಬಾರಿಯೂ ಗೆದ್ದವರು ಮಾಂಟ್ರಿಯಲ್‌ನ ಲ್ಯಾರಿ ರಾಬಿನ್ಸನ್. ಆದರೆ ಟೊರಾಂಟೊದ ಹಳಬರನ್ನು ಕೇಳಿದರೆ ಅವರು ಮೊದಲು ನೆನೆಯುವುದು ಈ ಅಂಕಿಗಳನ್ನಲ್ಲ, 1976ರ ಸೆಪ್ಟೆಂಬರನ್ನು. ಕೆನಡಾ ಕಪ್ ಎಂಬ ಅಂತರರಾಷ್ಟ್ರೀಯ ಪಂದ್ಯಾವಳಿಗಾಗಿ ಸಾಲ್ಮಿಂಗ್ ಸ್ವೀಡನ್ನಿನ ಹಳದಿ ಅಂಗಿ ತೊಟ್ಟು, ಲೀಫ್ಸ್ ತಂಡದ ಅಂದಿನ ತವರಾದ ಮೇಪಲ್ ಲೀಫ್ ಗಾರ್ಡನ್ಸ್ ಅಂಕಣಕ್ಕೆ ಬಂದರು. ಆಟಗಾರರ ಪರಿಚಯದ ವೇಳೆ ಅವರ ಹೆಸರು ಕೂಗಿದಾಗ ಇಡೀ ಕ್ರೀಡಾಂಗಣ ಎದ್ದು ನಿಂತು, ನಿಲ್ಲಿಸದೆ ಚಪ್ಪಾಳೆ ತಟ್ಟಿತು. ಐಸ್ ಹಾಕಿ ತಮ್ಮದೇ ಆಟವೆಂದು ಬಲವಾಗಿ ನಂಬುವ ಜನ, ಬೇರೆ ದೇಶದ ಅಂಗಿ ತೊಟ್ಟವನಿಗೆ, ಮೂರೇ ವರ್ಷಗಳ ಹಿಂದೆ ಹಂಗಿಸಿಕೊಂಡು ಬಂದವನಿಗೆ, ಕೊಟ್ಟ ಗೌರವ ಅದು. ನಿಮ್ಮ ಪ್ರಶ್ನೆಯಲ್ಲಿ ಕೆನಡಾಕ್ಕೆ ಸಂಬಂಧಿಸಿದ ಭಾಗಕ್ಕೆ ಉತ್ತರ ಬಹುಮಟ್ಟಿಗೆ ಆ ಸಂಜೆಯಲ್ಲಿದೆ.

ಹಾಗಾದರೆ ಸ್ಟ್ಯಾನ್ಲಿ ಕಪ್ ಏಕೆ ಬರಲಿಲ್ಲ? ಹತ್ತಿರಕ್ಕೆ ಬಂದದ್ದು 1978ರಲ್ಲಿ. ಡಾರಿಲ್ ಸಿಟ್ಲರ್, ಲ್ಯಾನಿ ಮೆಕ್‌ಡೊನಾಲ್ಡ್, ಇಯಾನ್ ಟರ್ನ್‌ಬುಲ್ ಅವರಿದ್ದ ಆ ತಂಡ ಬಲಿಷ್ಠ ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡವನ್ನು ಏಳು ಪಂದ್ಯಗಳ ಸರಣಿಯಲ್ಲಿ ಮಣಿಸಿತು. ಆದರೆ ಆ ಸರಣಿಯ ನಡುವೆಯೇ ಕೋಲು ಕಣ್ಣಿಗೆ ತಾಗಿ ಸಾಲ್ಮಿಂಗ್ ಹೊರಗುಳಿದರು. ಮುಂದಿನ ಸುತ್ತಿನಲ್ಲಿ ಮಾಂಟ್ರಿಯಲ್ ನಾಲ್ಕೂ ಪಂದ್ಯಗಳನ್ನು ಗೆದ್ದಿತು. ಆ ತಂಡವನ್ನು ಕಟ್ಟಿ ಬೆಳೆಸುವ ಬದಲು ಆಡಳಿತ ಕೆಡವಿತು. ಮೆಕ್‌ಡೊನಾಲ್ಡ್ ಅವರನ್ನು 1979ರ ಕೊನೆಯಲ್ಲಿ ಬೇರೆ ತಂಡಕ್ಕೆ ಕಳಿಸಲಾಯಿತು, ಸಿಟ್ಲರ್ 1982ರಲ್ಲಿ ಹೋದರು. ಸಾಲ್ಮಿಂಗ್ ಉಳಿದರು, ಸೋಲುವ ತಂಡದಲ್ಲಿ ವರ್ಷಗಟ್ಟಲೆ ಆಡಿದರು. ಇದನ್ನು ಅವರ ವೈಫಲ್ಯವೆಂದು ಎಣಿಸುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ.

1986 ಅವರ ಪಾಲಿಗೆ ಕಷ್ಟದ ವರ್ಷ. ಹಿಂದೆ ಕೊಕೇನ್ ಸೇವಿಸಿದ್ದನ್ನು ಪತ್ರಿಕಾ ಸಂದರ್ಶನವೊಂದರಲ್ಲಿ ಒಪ್ಪಿಕೊಂಡದ್ದರಿಂದ ಲೀಗ್ ಅವರನ್ನು ಅಮಾನತು ಮಾಡಿತು, ಅದು ಎಂಟು ಪಂದ್ಯಗಳಿಗೆ ಇಳಿಯಿತು. ನವೆಂಬರಿನಲ್ಲಿ ಡೆಟ್ರಾಯಿಟ್ ವಿರುದ್ಧ ಗೋಲಿನ ಮುಂದಿನ ನೂಕುನುಗ್ಗಲಿನಲ್ಲಿ ಬಿದ್ದಾಗ ಎದುರಾಳಿಯ ಸ್ಕೇಟಿನ ಅಲಗು ಮುಖದ ಮೇಲೆ ಹಾದು, ಹುಬ್ಬಿನಿಂದ ಬಾಯಿಯ ಅಂಚಿನವರೆಗೆ ಸೀಳಿತು. ಇನ್ನೂರಕ್ಕೂ ಹೆಚ್ಚು ಹೊಲಿಗೆ ಹಾಕಬೇಕಾಯಿತು. ಆಗ ಅವರಿಗೆ 35 ವರ್ಷ. ಮುಖಕ್ಕೆ ಪಾರದರ್ಶಕ ಕವಚ ಹಾಕಿಕೊಂಡು ಮತ್ತೆ ಆಡಲು ಬಂದರು, 1988ರಲ್ಲಿ ಎನ್‌ಎಚ್‌ಎಲ್‌ನಲ್ಲಿ ಸಾವಿರ ಪಂದ್ಯ ಪೂರೈಸಿದ ಮೊದಲ ಯುರೋಪಿಯನ್ ಆಟಗಾರರಾದರು. 1989–90ರ ಋತುವನ್ನು ಡೆಟ್ರಾಯಿಟ್‌ನಲ್ಲಿ ಆಡಿ, ಆಮೇಲೆ ಸ್ವೀಡನ್ನಿಗೆ ಮರಳಿ ಸ್ಟಾಕ್‌ಹೋಮಿನ ಎಐಕೆ ತಂಡವನ್ನು ಸೇರಿ, 40ರ ವಯಸ್ಸಿನಲ್ಲಿ 1992ರ ಆಲ್ಬರ್ಟ್‌ವಿಲ್ ಒಲಿಂಪಿಕ್ಸ್‌ನಲ್ಲಿ ಸ್ವೀಡನ್ನನ್ನು ಪ್ರತಿನಿಧಿಸಿದರು.

ಈಗ ಸ್ವೀಡನ್ನಿನ ಕಡೆಯ ಉತ್ತರ. 1974ರಲ್ಲಿ ಆಂಡರ್ಸ್ ಹೆಡ್‌ಬರ್ಗ್ ಮತ್ತು ಉಲ್ಫ್ ನಿಲ್ಸನ್ ಎಂಬ ಸ್ವೀಡಿಷ್ ಆಟಗಾರರು ಎನ್‌ಎಚ್‌ಎಲ್‌ನ ಎದುರಾಳಿ ಲೀಗಿನ ವಿನಿಪೆಗ್ ತಂಡಕ್ಕೆ ಬಂದರು. ಸ್ವೀಡಿಷರಿಗೆ ದಾರಿ ತೆರೆದದ್ದರಲ್ಲಿ ಅವರ ಪಾಲೂ ದೊಡ್ಡದು, ಎಲ್ಲವನ್ನೂ ಒಬ್ಬರ ಹೆಸರಿಗೆ ಬರೆಯುವುದು ಸರಿಯಾಗದು. ಆದರೆ ಎನ್‌ಎಚ್‌ಎಲ್‌ನ ಒಳಗೆ, ಅದೂ ಹೆಚ್ಚು ಗುದ್ದು ತಿನ್ನಬೇಕಾದ ರಕ್ಷಣಾ ಸ್ಥಾನದಲ್ಲಿ ನಿಂತು ಉತ್ತರ ಕೊಟ್ಟವರು ಸಾಲ್ಮಿಂಗ್. 1989ರಲ್ಲಿ ಮಟ್ಸ್ ಸುಂದಿನ್ ಹೊಸ ಆಟಗಾರರ ಆಯ್ಕೆಯಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಪ್ರಥಮ ಯುರೋಪಿಯನ್ ಆದರು, ಮುಂದೆ ಲೀಫ್ಸ್ ತಂಡಕ್ಕೇ ನಾಯಕರಾದರು. ಅದೇ ಆಯ್ಕೆಯಲ್ಲಿ ಡೆಟ್ರಾಯಿಟ್ ಪಡೆದುಕೊಂಡ ಲಿಡ್‌ಸ್ಟ್ರೋಮ್ ನಾಲ್ಕು ಸ್ಟ್ಯಾನ್ಲಿ ಕಪ್ ಮತ್ತು ಏಳು ನಾರಿಸ್ ಟ್ರೋಫಿ ಗೆದ್ದರು. ಆಟಗಾರನಾಗಿ ಯಾರು ಶ್ರೇಷ್ಠರೆಂದು ಕೇಳಿದರೆ ನಾನು ಲಿಡ್‌ಸ್ಟ್ರೋಮ್ ಎನ್ನುತ್ತೇನೆ, ಅದರಲ್ಲಿ ಸಂದೇಹವಿಲ್ಲ. ಆದರೆ ಲಿಡ್‌ಸ್ಟ್ರೋಮ್ ತಮ್ಮ ಎರಡನೆಯ ಪಂದ್ಯದಲ್ಲಿ ತಾನು ಪುಕ್ಕಲನಲ್ಲವೆಂದು ತೋರಿಸಬೇಕಾಗಿರಲಿಲ್ಲ. ಇಂದು ಲೀಗಿನಲ್ಲಿ ಕೆನಡಾ ಮತ್ತು ಅಮೆರಿಕ ಬಿಟ್ಟರೆ ಹೆಚ್ಚು ಆಟಗಾರರಿರುವುದು ಸುಮಾರು ಒಂದು ಕೋಟಿ ಜನಸಂಖ್ಯೆಯ ಸ್ವೀಡನ್ನಿನಿಂದ.

ಸಂದ ಗೌರವಗಳನ್ನು ಬೇಗನೆ ಹೇಳಿ ಮುಗಿಸುತ್ತೇನೆ. 1996ರಲ್ಲಿ ಟೊರಾಂಟೊದ ಹಾಕಿ ಹಾಲ್ ಆಫ್ ಫೇಮ್ ಸೇರಿದ ಮೊದಲ ಸ್ವೀಡಿಷ್ ಆಟಗಾರ ಅವರಾದರು. 2008ರಲ್ಲಿ ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟ ಪ್ರಕಟಿಸಿದ ಶತಮಾನದ ಆರು ಜನರ ತಂಡದಲ್ಲಿ ನಾಲ್ವರು ಸೋವಿಯತ್ ಆಟಗಾರರು, ಕೆನಡಾದಿಂದ ವೇಯ್ನ್ ಗ್ರೆಟ್ಸ್‌ಕಿ, ಸ್ವೀಡನ್ನಿನಿಂದ ಸಾಲ್ಮಿಂಗ್. 2016ರಲ್ಲಿ ಲೀಫ್ಸ್ ಅವರ 21ನೇ ಸಂಖ್ಯೆಯ ಅಂಗಿಯನ್ನು ಇನ್ನಾರೂ ತೊಡದಂತೆ ನಿವೃತ್ತಿಗೊಳಿಸಿತು.

2022ರ ಆಗಸ್ಟ್‌ನಲ್ಲಿ ಅವರಿಗೆ ಎಎಲ್‌ಎಸ್ ಎಂಬ ನರರೋಗ ತಗುಲಿರುವುದು ಪ್ರಕಟವಾಯಿತು. ಸ್ನಾಯುಗಳನ್ನು ನಿಯಂತ್ರಿಸುವ ನರಕೋಶಗಳು ಒಂದೊಂದಾಗಿ ಸಾಯುವ, ಗುಣವಾಗದ ಕಾಯಿಲೆ ಅದು. ಮೂರೇ ತಿಂಗಳಲ್ಲಿ ಮಾತು ಹೋಗಿತ್ತು. ಆ ಸ್ಥಿತಿಯಲ್ಲಿಯೂ ನವೆಂಬರಿನಲ್ಲಿ ಕುಟುಂಬದೊಂದಿಗೆ ಟೊರಾಂಟೊಗೆ ಬಂದರು. ಅಂಕಣದಲ್ಲಿ ಅವರ ಒಂದು ಬದಿಗೆ ಸುಂದಿನ್, ಇನ್ನೊಂದು ಬದಿಗೆ ಹಳೆಯ ನಾಯಕ ಸಿಟ್ಲರ್. ಪ್ರೇಕ್ಷಕರ ಚಪ್ಪಾಳೆಗೆ ಕೈಯೆತ್ತಲು ಅವರಿಗೆ ಶಕ್ತಿಯಿರಲಿಲ್ಲ. ಸಿಟ್ಲರ್ ಕಣ್ಣೀರಿಡುತ್ತಲೇ ಅವರ ತೋಳನ್ನು ಹಿಡಿದು ಮೇಲೆತ್ತಿದರು. ನವೆಂಬರ್ 12ರಂದು ವ್ಯಾಂಕೂವರ್ ವಿರುದ್ಧದ ಪಂದ್ಯಕ್ಕೆ ಲೀಫ್ಸ್ ತರಬೇತುದಾರ ಶೆಲ್ಡನ್ ಕೀಫ್ ಆರಂಭದ ಆರು ಸ್ಥಾನಗಳಿಗೂ, ಗೋಲ್‌ಕೀಪರ್ ಸೇರಿ, ಸ್ವೀಡಿಷ್ ಆಟಗಾರರನ್ನೇ ಇಳಿಸಿದರು. ಸ್ವೀಡಿಷರು ಆಡಲಾರರೆಂದಿದ್ದ ಲೀಗಿನಲ್ಲಿ, ಅದೇ ತಂಡದ ಅಂಗಿ ತೊಟ್ಟು ಆರು ಜನ ಸಾಲಾಗಿ ನಿಂತದ್ದನ್ನು ಸಾಲ್ಮಿಂಗ್ ಕಣ್ಣಾರೆ ಕಂಡರು. ಅದಾಗಿ ಹನ್ನೆರಡು ದಿನಗಳಿಗೆ, ನವೆಂಬರ್ 24ರಂದು, 71ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.